ಗಟ್ಟಿ ಅಂದ್ರೆ ಯಾವ ಗಟ್ಟಿ?

(ನಮ್ಮೂರಿನ ಪದವಿಪೂರ್ವ ಕಾಲೇಜಿನಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಆಮೇಲೆ ನೆನಪು ಮಾಡಿಕೊಂಡು ಬರೆದದ್ದು. ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಎರಡು ಬಿಲ್ಲೆಗಳನ್ನು ಮುಂದಿನ ಸಾಲಿಗೆ ಕೊಡ್ತಾ ಇದ್ದೀನಿ. ನೋಡಿ ಹಿಂದಕ್ಕೆ ದಾಟಿಸಿ. ಎರಡೂ ವಾಚಿನ ಗಾಜುಗಳು. 30 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪ. ಒಂದು ಮಾಮೂಲಿ ಗಾಜು, ಇನ್ನೊಂದು ಸಫೈರ್. ಯಾವುದು ಯಾವುದು ಅಂತ ಹೇಳೋದಿಲ್ಲ. ಕಣ್ಣಿಗೆ ಸುಲಭಕ್ಕೆ ಗೊತ್ತಾಗೋದೂ ಇಲ್ಲ. ತುಟಿಗೆ ತಾಗಿಸಿ ನೋಡಿ. ನಾಚಿಕೊಳ್ಳಬೇಡಿ, ತೊಳೆದೇ ತಂದಿದ್ದೀನಿ. ಒಂದು ಸ್ವಲ್ಪ ಜಾಸ್ತಿ ತಣ್ಣಗಿರುತ್ತೆ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ಆಸೆಪಟ್ಟು ಒಂದು ವಾಚು ಕೊಂಡೆ. ಅಂಗಡಿಯವರು, 'ಸಫೈರ್ ಗ್ಲಾಸು ಸಾರ್, ತುಂಬಾ ಗಟ್ಟಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ' ಅಂದರು. ಎಂಟು ತಿಂಗಳು ಒಂದು ಗೀರೂ ಬೀಳಲಿಲ್ಲ. ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ತಿದ್ದೆ. ಆಮೇಲೊಂದು ದಿನ ಬಚ್ಚಲುಮನೆ ಬಾಗಿಲಿನ ಚಿಲಕಕ್ಕೆ ಕೈ ಬಡಿಯಿತು. ದೊಡ್ಡ ಏಟೇನಲ್ಲ. 'ಟಿಕ್' ಅಂತ ಶಬ್ದ ಬಂತು. ನೋಡಿದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದು ಹೋಗಿತ್ತು. ಅಲ್ಲಿಂದ ಒಂದು ಬಿರುಕು ನೇರವಾಗಿ ಡಯಲ್ ಮೇಲೆ ಓಡಿತ್ತು.

ಅದೇ ಹೊತ್ತಿಗೆ ಜೇಬಿನಲ್ಲಿದ್ದ ಫೋನು ಮೂರು ಸಲ ಮೆಟ್ಟಿಲ ಮೇಲೆ ಬಿದ್ದು ಎದ್ದಿತ್ತು. ಒಡೆದಿರಲಿಲ್ಲ. ಆದರೆ ಬಿಸಿಲಿಗೆ ಹಿಡಿದರೆ ಗಾಜಿನ ತುಂಬಾ ಕೂದಲೆಳೆಯಂಥ ಗೀರು.

ಅದರ ಡಬ್ಬಿಯ ಮೇಲೂ 'ಗಟ್ಟಿ ಗ್ಲಾಸು' ಅನ್ನೋ ಅರ್ಥದ ಮಾತೇ ಇತ್ತು. ಹಾಗಾದರೆ ಗಟ್ಟಿ ಯಾವುದು?

ತೊಂದರೆ ಇರೋದು ನಮ್ಮ ಈ ಒಂದು ಪದದಲ್ಲಿ. ಕಲ್ಲೂ ಗಟ್ಟಿ, ಹಗ್ಗವೂ ಗಟ್ಟಿ, ನಿನ್ನೆ ಮಾಡಿದ ರೊಟ್ಟಿಯೂ ಗಟ್ಟಿ, ಅಜ್ಜಿಯ ಜೀವವೂ ಗಟ್ಟಿ. ಒಂದೊಂದರಲ್ಲೂ ಅರ್ಥ ಬೇರೆ. ಗೀರು ಬೀಳದ ಗುಣಕ್ಕೆ 'ಗಡಸು' ಅನ್ನೋಣ, ಪಠ್ಯಪುಸ್ತಕದಲ್ಲೂ ಗಡಸುತನ ಅಂತಲೇ ಇದೆ. ಏಟು ಬಿದ್ದರೂ ಒಡೆಯದ ಗುಣಕ್ಕೆ 'ತಾಳಿಕೆ' ಅನ್ನೋಣ. ಗಡಸಾಗಿದ್ದೂ ಏಟಿಗೆ ಪಟ್ ಅಂತ ಮುರಿಯೋದಕ್ಕೆ ನಮ್ಮಲ್ಲೇ ಚೆಂದದ ಮಾತಿದೆ: ಪೆಡಸು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅವರು ಗಡಸಿನ ಮಾತಾಡಿದರು, ನಾನು ತಾಳಿಕೆ ಅಂತ ಕೇಳಿಸಿಕೊಂಡೆ.

ಮೊದಲು ಸಫೈರ್. ನೀಲಮಣಿ ಅಂದಾಕ್ಷಣ ಉಂಗುರದ ನೀಲಿ ಕಲ್ಲು ನೆನಪಾಗುತ್ತೆ. ವಾಚಿನ ಮೇಲಿರೋದು ಬಣ್ಣವೇ ಇಲ್ಲದ ಅದೇ ವಸ್ತು. ಬರೀ ಅಲ್ಯುಮಿನಿಯಂ ಆಕ್ಸೈಡ್, ಹರಳಾಗಿ ಬೆಳೆದದ್ದು. ನಮ್ಮ ಹಳೆಯ ಹೆಸರು ಕುರುವಿಂದ. ಚೂರು ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲ. ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ. ನವರತ್ನದಲ್ಲಿ ಮಾಣಿಕ್ಯ ಸೂರ್ಯನಿಗೆ, ನೀಲ ಶನಿಗೆ. ಪುರಾಣದಲ್ಲಿ ಅವರಿಬ್ಬರೂ ಅಪ್ಪ ಮಗ, ಪರಸ್ಪರ ಆಗೋದಿಲ್ಲ. ಕಲ್ಲುಗಳು ಮಾತ್ರ ಒಂದೇ ಮನೆಯವು. ಇನ್ನು ಚಾಕು ಮಸೆಯುವ ಎಮರಿ ಚಕ್ರದಲ್ಲಿ ಕಿಡಿ ಹಾರಿಸೋದೂ ಇದೇ ಕುರುವಿಂದದ ಪುಡಿ. ರತ್ನದ ಅಂಗಡಿಯಲ್ಲಿ ಕ್ಯಾರೆಟ್ ಲೆಕ್ಕ, ಸಾಣೆ ಹಿಡಿಯುವವರ ಹತ್ತಿರ ಕಿಲೋ ಲೆಕ್ಕ.

ನಮ್ಮಪ್ಪ ವಾಚ್ ರಿಪೇರಿ ಮಾಡ್ತಿದ್ದರು. ಬಸ್ ಸ್ಟ್ಯಾಂಡ್ ಪಕ್ಕ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಅಷ್ಟೇ ಅಂಗಡಿ. ಎಚ್‌ಎಂಟಿ ವಾಚುಗಳೇ ಜಾಸ್ತಿ ಬರೋವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚು ಕಾರ್ಖಾನೆ ಅದು. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರೋದನ್ನ ನಿಮ್ಮಲ್ಲಿ ದೊಡ್ಡವರು ನೋಡಿದ್ದೀರಿ. ನಾನು ಚಿಕ್ಕವನಾಗಿದ್ದಾಗ ಅದನ್ನ ಜಂಬಕ್ಕೆ ಬರೆದದ್ದು ಅಂದುಕೊಂಡಿದ್ದೆ. ಒಮ್ಮೆ ಅಪ್ಪ ಚಿಮಟದ ತುದಿಯಲ್ಲಿ ಒಂದು ಕೆಂಪು ಚುಕ್ಕಿ ಹಿಡಿದು ತೋರಿಸಿದರು. ರಾಗಿ ಕಾಳಿಗಿಂತ ಚಿಕ್ಕದು, ನಡುವೆ ತೂತು. ಚಕ್ರದ ಅಚ್ಚು ಆ ತೂತಿನಲ್ಲಿ ಕೂತು ತಿರುಗುತ್ತೆ. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ ಅದು. ದಿನಕ್ಕೆ ಲಕ್ಷಗಟ್ಟಲೆ ಸಲ ಅಲ್ಲಾಡಿದರೂ ಸವೆಯಬಾರದು, ಅದಕ್ಕೆ.

ತಮಾಷೆ ನೋಡಿ. ಆ ವಾಚಿನ ಒಳಗೆ 17 ಮಾಣಿಕ್ಯ, ಮೇಲೆ ಪ್ಲಾಸ್ಟಿಕ್ ಗಾಜು. ಅಕ್ರಿಲಿಕ್. ಉಗುರು ಒತ್ತಿದರೆ ಅದುಮಿ ವಾಪಸು ಬರೋವಷ್ಟು ಮೆತ್ತಗೆ. ಗೀರು ಬಿದ್ದರೆ ಅಪ್ಪ ಟೂತ್‌ಪೇಸ್ಟ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ಐದು ನಿಮಿಷ ಉಜ್ಜೋರು. ಗೀರು ಮಾಯ. ಬಿದ್ದರೆ ಹೆಚ್ಚೆಂದರೆ ಸೀಳು ಬಿಡ್ತಿತ್ತು, ಪುಡಿ ಆಗ್ತಿರಲಿಲ್ಲ. ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿಗೂ ಇಂಥದೇ ಪ್ಲಾಸ್ಟಿಕ್ ಗಾಜು. ಗುರುತ್ವ ಇಲ್ಲದ ಕಡೆ ಗಾಜಿನ ಚೂರು ತೇಲಾಡಿದರೆ ಕಣ್ಣಿಗೂ ಯಂತ್ರಕ್ಕೂ ಆಪತ್ತು, ಅಲ್ವಾ?

ಕಾರ್ಖಾನೆಯಲ್ಲಿ ಮಾಣಿಕ್ಯ ಮಾಡುವ ದಾರಿ ತೋರಿಸಿದ್ದು ಫ್ರಾನ್ಸಿನ ಆಗಸ್ಟ್ ವೆರ್ನೂಯಿ. 1902ರಲ್ಲಿ ಅದನ್ನು ಹೊರಗೆಡವಿದರು. ಅಲ್ಯುಮಿನಾ, ಅಂದರೆ ಅದೇ ಅಲ್ಯುಮಿನಿಯಂ ಆಕ್ಸೈಡ್ ಪುಡಿಯನ್ನು ಜರಡಿಯಿಂದ ಉದುರಿಸಿ, ಹೈಡ್ರೋಜನ್-ಆಕ್ಸಿಜನ್ ಜ್ವಾಲೆಯ ಮೂಲಕ ಬೀಳಿಸೋದು. ಪುಡಿ ಕರಗಿ ಕೆಳಗಿನ ಕಡ್ಡಿಯ ಮೇಲೆ ಹನಿ ಹನಿಯಾಗಿ ಕೂತು ಹರಳಾಗಿ ಬೆಳೆಯುತ್ತೆ. ಈಗ ದೊಡ್ಡ ಹರಳಿಗೆ ಬೇರೆ ದಾರಿಗಳಿವೆ. 2,050 ಡಿಗ್ರಿ ಹತ್ತಿರ ಕರಗಿದ ಅಲ್ಯುಮಿನಾಗೆ ಒಂದು ಬೀಜದ ಹರಳು ತಾಗಿಸಿ, ನಿಧಾನಕ್ಕೆ, ದಿನಗಟ್ಟಲೆ ತಣಿಸೋದು. ಬಂದ ಗುಂಡನ್ನು ವಜ್ರದ ಗರಗಸದಲ್ಲಿ ಕೊಯ್ದು, ವಜ್ರದ ಪುಡಿಯಲ್ಲೇ ಉಜ್ಜಬೇಕು. ಬೇರೆ ಯಾವುದಕ್ಕೂ ಅದು ಜಗ್ಗೋದಿಲ್ಲ. ಬೆಲೆ ಏರೋದು ಅಲ್ಲೇ. ಗಾಜಿಗೆ ಬೇಕಾದ ಮರಳಿಗೂ ಅಲ್ಯುಮಿನಾ ಸಿಗೋ ಬಾಕ್ಸೈಟ್ ಅದಿರಿಗೂ ಬೆಲೆಯಲ್ಲಿ ಏನು ಮಹಾ ವ್ಯತ್ಯಾಸ? ದುಡ್ಡು ಹೋಗೋದು ಕರೆಂಟಿಗೆ, ಕಾಯುವುದಕ್ಕೆ, ಕೊಯ್ಯುವುದಕ್ಕೆ.

ಈಗ ಗೀರಿನ ಪರೀಕ್ಷೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಅನ್ನೋ ಜರ್ಮನ್ ಖನಿಜಶಾಸ್ತ್ರಜ್ಞ ಒಂದು ಏಣಿ ಮಾಡಿದ. ಯಾವುದು ಯಾವುದನ್ನು ಗೀರುತ್ತೆ, ಅಷ್ಟೇ ಅದರ ಲೆಕ್ಕ. ಮೆತ್ತಗಿನ ಬಳಪದ ಕಲ್ಲು 1, ವಜ್ರ 10. ಕುರುವಿಂದ 9. ಗಾಜು ಐದೂವರೆಯಿಂದ 6ರ ಆಸುಪಾಸು. ಇಲ್ಲಿ ನೋಡಿ, ನನ್ನ ಮನೆ ಬೀಗದ ಕೈ. ಹಿತ್ತಾಳೆ. ನನ್ನ ಹತ್ತಿರ ಇಟ್ಟುಕೊಂಡ ಇಂಥದೇ ಇನ್ನೊಂದು ಜೊತೆಯಲ್ಲಿ, ಮಾಮೂಲಿ ಗಾಜಿನ ಬಿಲ್ಲೆ ಮೇಲೆ ಒತ್ತಿ ಎಳೀತೀನಿ. ಒಂದು ಹಳದಿ ಗೆರೆ ಬಂತು. ಗೀರು ಅಂದ್ಕೊಂಡ್ರಾ? ಬೆರಳಲ್ಲಿ ಒರೆಸಿದೆ, ಹೋಯ್ತು. ಗಾಜು ಸವೆದಿಲ್ಲ, ಕೀ ಸವೆದು ಗಾಜಿಗೆ ಮೆತ್ತಿಕೊಂಡಿತ್ತು. 'ಫೋನಿನ ಜೊತೆ ಕೀ ಇಡಬೇಡ' ಅಂತ ಮಕ್ಕಳಿಗೆ ಬೈಯ್ಯೋರು ಸ್ವಲ್ಪ ಸುಮ್ನಿರಿ.

ಕಳ್ಳ ಬೇರೆ ಇದ್ದಾನೆ. ಈ ಪೊಟ್ಟಣದಲ್ಲಿ ಕಾಲೇಜಿನ ಅಂಗಳದ ಮಣ್ಣಿದೆ. ಒಂದು ಚಿಟಿಕೆ ಗಾಜಿನ ಮೇಲೆ ಹಾಕಿ ಹೆಬ್ಬೆರಳಲ್ಲಿ ಉಜ್ಜುತೀನಿ. ಕರ್ ಕರ್ ಸದ್ದು ಮುಂದಿನ ಸಾಲಿಗೆ ಕೇಳಿಸ್ತಾ? ಊದಿ, ಒರೆಸಿ ನೋಡಿದರೆ ಮಂಜು ಕವಿದ ಹಾಗೆ ಆಗಿದೆ. ಇದು ಹೋಗೋದಿಲ್ಲ. ಮಣ್ಣಲ್ಲಿರೋ ಮರಳು ಅಂದರೆ ಕ್ವಾರ್ಟ್ಜ್, ಬೆಣಚು ಕಲ್ಲು. ಅದು 7. ಗಾಜಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ ಸಾಕು. ನಮ್ಮ ಮನೆಗಳ ಗ್ರಾನೈಟ್ ಕಟ್ಟೆಯಲ್ಲೂ ಬೆಣಚು ಇದೆ. ಅಂದರೆ ಜೇಬಿನ ಮೂಲೆಯ ಧೂಳು, ಲಾರಿ ಎಬ್ಬಿಸಿದ ಧೂಳು, ಅಡುಗೆಮನೆ ಕಟ್ಟೆ, ಎಲ್ಲವೂ ಫೋನಿಗೆ ಮರಳು ಕಾಗದ. ಸಫೈರ್ ಬಿಲ್ಲೆಗೂ ಅದೇ ಮಣ್ಣು ಉಜ್ಜಿದೆ. ನೋಡಿ, ಏನೂ ಇಲ್ಲ. ದಿನದ ಬಾಳುವೆಯಲ್ಲಿ ಅದನ್ನು ಗೀರೋದು ವಜ್ರದ ಉಂಗುರ, ಸಾಣೆ ಚಕ್ರ, ಹೀಗೆ ಬೆರಳೆಣಿಕೆಯ ವಸ್ತುಗಳು ಮಾತ್ರ.

ಬೀಳಿಸಿ ತೋರಿಸಿ ಅಂತ ಅಲ್ಲಿಂದ ಯಾರೋ ಅಂತಿದ್ದಾರೆ. ಇಲ್ಲಪ್ಪ. ಒಂದು ಸಲ ಅನುಭವಿಸಿದ್ದು ಸಾಕು.

ಮೋಸ್ ಏಣಿಯ ಮಾತು ಬಂದ ಮೇಲೆ ಒಂದು ಮೋಸದ ಮಾತೂ ಹೇಳಬೇಕು. ಮೊಬೈಲ್ ಅಂಗಡಿಯಲ್ಲಿ 'ಟೆಂಪರ್ ಗ್ಲಾಸ್' ಹಾಕಿಸ್ತೀರಲ್ಲ, ಅದರ ಕವರಿನ ಮೇಲೆ ದಪ್ಪಕ್ಷರದಲ್ಲಿ '9ಎಚ್' ಅಂತ ಇರುತ್ತೆ. ಸಫೈರ್ 9, ಇದೂ 9, ಅಂದರೆ ನೂರು ರೂಪಾಯಿಗೆ ನೀಲಮಣಿ ಸಿಕ್ಕಿತು ಅಂತ ನನ್ನ ಸ್ನೇಹಿತರೊಬ್ಬರು ಖುಷಿಪಟ್ಟಿದ್ದರು. ಆ ಎಚ್ ಯಾವುದು ಗೊತ್ತಾ? ಪೆನ್ಸಿಲ್ಲಿನದು! ಎಂಜಿನಿಯರಿಂಗ್ ಡ್ರಾಯಿಂಗ್ ಮಾಡಿದ ಹುಡುಗರಿಗೆ ಎಚ್‌ಬಿ, 2ಎಚ್, 4ಎಚ್ ಗೊತ್ತು. ಬಣ್ಣದ ಲೇಪ ಎಷ್ಟು ಗಡಸು ಅಂತ ನೋಡೋಕೆ ಮಾಡಿದ ಪೆನ್ಸಿಲ್ ಪರೀಕ್ಷೆ ಅದು. 9ಎಚ್ ಪೆನ್ಸಿಲ್ಲಿಂದ ಗೀಚಿದರೂ ಗೀರು ಬೀಳಲಿಲ್ಲ, ಅಷ್ಟೇ ಅದರ ಅರ್ಥ. ಪೆನ್ಸಿಲ್ಲಿನ ಸೀಸ ಜೇಡಿಮಣ್ಣು, ಗ್ರಾಫೈಟ್ ಬೆರೆಸಿ ಸುಟ್ಟದ್ದು. ಅದಕ್ಕೆ ಯಾವ ಗಾಜೂ ಹೆದರೋದಿಲ್ಲ. ನಮ್ಮ ಕಿಟಕಿ ಗಾಜೂ ಆ ಪರೀಕ್ಷೆ ಪಾಸಾಗುತ್ತೆ.

ಹಾಗಂತ ಆ ಟೆಂಪರ್ ಗ್ಲಾಸ್ ದಂಡ ಅಲ್ಲ. ಅದು ಯಾಕೆ ಬೇಕು ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಗಾಜನ್ನು ಗಟ್ಟಿ ಮಾಡೋದು ಹೇಗೆ ಅಂತ ನೋಡೋಣ. ನನಗೆ ಇವತ್ತಿನ ಮಾತಿನಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಗಾಜು ಒತ್ತಿದರೆ ಒಡೆಯೋದಿಲ್ಲ, ಎಳೆದರೆ ಒಡೆಯುತ್ತೆ. ಫೋನು ಬಿದ್ದಾಗ ಗಾಜು ಚೂರು ಬಾಗುತ್ತೆ. ಬಾಗಿದಾಗ ಒಂದು ಮೈ ಕುಗ್ಗುತ್ತೆ, ಇನ್ನೊಂದು ಮೈ ಹಿಗ್ಗುತ್ತೆ. ಹಿಗ್ಗುವ ಮೈಯಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಇದ್ದರೆ ಸಾಕು, ಅದು ಬಾಯಿ ತೆರೆದು ಓಡುತ್ತೆ. ಗಾಜು ತನ್ನ ನಿಜವಾದ ಶಕ್ತಿಗಿಂತ ಎಷ್ಟೋ ಕಡಿಮೆ ಏಟಿಗೆ ಒಡೆಯೋದಕ್ಕೆ ಈ ಪುಟ್ಟ ಬಿರುಕುಗಳೇ ಕಾರಣ ಅಂತ ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ 1920ರ ಸುಮಾರಿಗೆ ತೋರಿಸಿಕೊಟ್ಟರು. ಹಾಗಾದರೆ ಮೈಯನ್ನು ಮೊದಲೇ ಒತ್ತಿ ಹಿಡಿದಿಟ್ಟರೆ? ಬಿರುಕು ಬಾಯಿ ತೆರೆಯೋಕೆ ಮೊದಲು ಆ ಒತ್ತಡವನ್ನು ಗೆಲ್ಲಬೇಕು.

ಇದನ್ನ ನಮ್ಮ ಕಮ್ಮಾರರು ಬಲ್ಲರು. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕೋದನ್ನ ನೋಡಿದ್ದೀರಾ? ಪಟ್ಟೆಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿ ಮಾಡಿರ್ತಾರೆ. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತೆ. ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ಕೂರಿಸಿ, ಸುತ್ತಿಗೆಯಿಂದ ಬಡಿದು, ಬಿಂದಿಗೆ ಬಿಂದಿಗೆ ನೀರು ಸುರೀತಾರೆ. ಚೊರ್ ಅಂತ ಹೊಗೆ. ಪಟ್ಟೆ ಕುಗ್ಗಿ ಇಡೀ ಚಕ್ರವನ್ನು ಹಿಡಿದು ಹಿಂಡುತ್ತೆ. ಆಮೇಲೆ ಆ ಚಕ್ರದ ಅರೆಕಾಲುಗಳು ಕಲ್ಲಿನ ದಾರಿಯಲ್ಲಿ ಎಷ್ಟು ಕುಲುಕಿದರೂ ಸಡಿಲ ಆಗೋದಿಲ್ಲ.

ಬಸ್ಸಿನ, ಕಾರಿನ ಪಕ್ಕದ ಕಿಟಕಿಗೆ ಇದನ್ನ ಬಿಸಿಯಿಂದಲೇ ಮಾಡ್ತಾರೆ. ಗಾಜನ್ನು 600 ಡಿಗ್ರಿಗಿಂತ ಮೇಲೆ ಕಾಯಿಸಿ ಎರಡೂ ಮೈಗೆ ತಣ್ಣನೆ ಗಾಳಿ ಊದೋದು. ಹೊರಮೈ ಮೊದಲು ಗಟ್ಟಿಯಾಗುತ್ತೆ, ಒಳಗಿನದು ಆಮೇಲೆ ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೀತದೆ. ಇಂಥ ಗಾಜು ಒಡೆದರೆ ಕಲ್ಲುಸಕ್ಕರೆ ತರ ಉದುರೋದು ಅದಕ್ಕೇ. ಆದರೆ ಫೋನಿನ ಗಾಜು ಅರ್ಧದಿಂದ ಮುಕ್ಕಾಲು ಮಿಲಿಮೀಟರ್. ಅಷ್ಟು ತೆಳುವಾದದ್ದರಲ್ಲಿ ಒಳಗೂ ಹೊರಗೂ ಬಿಸಿಯ ಅಂತರವೇ ನಿಲ್ಲೋದಿಲ್ಲ.

ಅಲ್ಲಿ ಉಪ್ಪು ಬರುತ್ತೆ. ಪೆಟ್ಲುಪ್ಪು, ಪೊಟ್ಯಾಸಿಯಂ ನೈಟ್ರೇಟ್. ಪಟಾಕಿ ಮದ್ದಿಗೆ ಹಾಕೋದೂ ಇದನ್ನೇ. ಅದನ್ನು 400 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ ಗಾಜಿನ ಹಾಳೆಯನ್ನು ಗಂಟೆಗಟ್ಟಲೆ ಮುಳುಗಿಸಿಡ್ತಾರೆ. ಗಾಜಿನ ಮೈಯಲ್ಲಿರೋ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಎದ್ದು ಹೊರಗೆ ಬರುತ್ತವೆ, ಆ ಜಾಗಕ್ಕೆ ಪೊಟ್ಯಾಸಿಯಂ ಬಂದು ಕೂರುತ್ತೆ. ಪೊಟ್ಯಾಸಿಯಂ ಅಯಾನು ಸೋಡಿಯಂಗಿಂತ ಮೂರನೇ ಒಂದು ಪಾಲು ಹೆಚ್ಚು ದಪ್ಪ. ಮೂರು ಜನರ ಬಸ್ ಸೀಟಿನಿಂದ ಸಣಕಲ ಇಳಿದು, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂತ ಪೈಲ್ವಾನ ಕೂತ ಹಾಗೆ. ಎಲ್ಲರೂ ಬಿಗಿಯಾಗಿ ಅಂಟಿಕೊಳ್ತಾರೆ. ಆ ಬಿಗಿತವೇ ಗಾಜಿನ ಕವಚ. ಅದರ ಆಳ ಕೆಲವು ಹತ್ತು ಮೈಕ್ರಾನ್, ಹೆಚ್ಚುಕಮ್ಮಿ ಒಂದು ತಲೆಗೂದಲಿನ ದಪ್ಪ.

ಅಮೆರಿಕದ ಕಾರ್ನಿಂಗ್ ಕಂಪನಿ 1960ರ ದಶಕದ ಶುರುವಿನಲ್ಲೇ ಕೆಮ್‌ಕಾರ್ ಅನ್ನೋ ಹೆಸರಲ್ಲಿ ಇಂಥ ಗಾಜು ಮಾಡಿತ್ತು. ಕೊಳ್ಳುವವರು ಹೆಚ್ಚಿಗೆ ಸಿಗದೆ ಮೂಲೆ ಸೇರಿತು. 2007ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ತೋರಿಸಿದ ಮೊದಲ ಐಫೋನಿಗೆ ಇದ್ದದ್ದು ಪ್ಲಾಸ್ಟಿಕ್ ಪರದೆ. ಜೂನ್ ಕೊನೆಯಲ್ಲಿ ಅದು ಅಂಗಡಿಗೆ ಬರುವಾಗ ಗಾಜು ಬಂದಿತ್ತು. ನಡುವಿನ ಆರು ತಿಂಗಳಲ್ಲಿ ಕಾರ್ನಿಂಗಿನವರ ಕೆಂಟಕಿಯ ಹ್ಯಾರಡ್ಸ್‌ಬರ್ಗ್ ಕಾರ್ಖಾನೆ ಹಗಲೂ ರಾತ್ರಿ ಓಡಿತು. ಹಳೆಯ ವಿದ್ಯೆ ಗೊರಿಲ್ಲಾ ಗ್ಲಾಸ್ ಆಗಿ ಮತ್ತೆ ಹುಟ್ಟಿತು.

ನಿಮ್ಮಲ್ಲಿ ಎಷ್ಟೋ ಜನ ಹೇಳೋ ಒಂದು ದೂರಿಗೆ ಉತ್ತರ ಇಲ್ಲಿದೆ. 'ಆವತ್ತು ಮಹಡಿಯಿಂದ ಬಿದ್ದಾಗ ಏನೂ ಆಗಲಿಲ್ಲ ಸಾರ್, ಮೊನ್ನೆ ಮಂಚದಿಂದ ಬಿದ್ದು ಒಡೆದೋಯ್ತು.' ಗೀರು ಆ ಕವಚದ ಒಳಗೇ ಇರುವ ತನಕ ಒತ್ತಡ ಅದನ್ನು ಮುಚ್ಚಿ ಹಿಡಿದಿರುತ್ತೆ. ಯಾವುದೋ ಒಂದು ಮರಳಿನ ಕಾಳು ಕವಚವನ್ನು ದಾಟಿ ಒಳಗಿನ ಎಳೆತದ ಭಾಗ ಮುಟ್ಟಿದರೆ ಅಲ್ಲಿಗೆ ಮುಗೀತು. ಮಂಚ ಬರೀ ನೆಪ. ಅದಕ್ಕೇ ಆ 9ಎಚ್ ಹಾಳೆ ಅಂಟಿಸಬೇಕು. ಗೀರನ್ನ ತಾನು ತಿನ್ನುತ್ತೆ, ಒಳಗಿನ ಕವಚವನ್ನು ಉಳಿಸುತ್ತೆ. ಗೀರಾದ ಮೇಲೆ ಕಿತ್ತು ಹೊಸದು ಹಾಕಿ.

ಸಫೈರನ್ನೂ ಹೀಗೆ ಉಪ್ಪಿನಲ್ಲಿ ಅದ್ದಬಾರದಾ? ಆಗೋದಿಲ್ಲ. ಅದು ಒಪ್ಪವಾಗಿ ಜೋಡಿಸಿಟ್ಟ ಹರಳು, ಖಾಲಿ ಮಾಡಿ ಕೊಡೋ ಸೀಟೇ ಅಲ್ಲಿಲ್ಲ. ವಜ್ರದಲ್ಲಿ ಉಜ್ಜಿದಾಗ ಮೈಯಲ್ಲಿ, ಅಂಚಿನಲ್ಲಿ ಉಳಿದ ಸೂಕ್ಷ್ಮ ಬಿರುಕು ಹಾಗೇ ಇರುತ್ತೆ. ಅದರ ಮೇಲೆ ಸಫೈರ್ ಗಾಜಿಗಿಂತ ಐದು ಪಟ್ಟು ಬಿಗಿ. ಬಾಗೋ ಸ್ವಭಾವವೇ ಅಲ್ಲ. ಬಿರುಗಾಳಿಗೆ ಜೊಂಡು ಬಾಗಿ ಉಳಿಯುತ್ತೆ, ತೇಗ ಮುರಿಯುತ್ತೆ. ಫೋನು ಜಲ್ಲಿಯ ಮೊನೆ ಮೇಲೆ ಬಿದ್ದಾಗ ಗಾಜು ಚೂರು ಬಾಗಿ ಏಟನ್ನು ನುಂಗುತ್ತೆ. ಸಫೈರ್ ಅಷ್ಟನ್ನೂ ಒಂದೇ ಕಡೆ ಹೊತ್ತುಕೊಳ್ಳುತ್ತೆ.

ಹಾಗಾದರೆ ವಾಚಿಗೆ ಹೇಗೆ ಒಗ್ಗಿತು? ದಪ್ಪ. ಹಾಳೆಯ ದಪ್ಪ ಎರಡು ಪಟ್ಟಾದರೆ, ಅದೇ ಭಾರಕ್ಕೆ ಅದರ ಮೈಮೇಲಿನ ಎಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತೆ. ವಾಚಿನಲ್ಲಿ ಒಂದೂವರೆ, ಎರಡು ಮಿಲಿಮೀಟರ್ ಹಾಕಬಹುದು. ಅಗಲ ಒಂದು ನಿಪ್ಪಟ್ಟಿಗಿಂತ ಚಿಕ್ಕದು, ಸುತ್ತಲೂ ಉಕ್ಕಿನ ಗೋಡೆ. ಫೋನಿನಲ್ಲಿ ಅಷ್ಟು ದಪ್ಪ ಹಾಕೋಕಾಗುತ್ತಾ? ಗಾಜಿನ ಸಾಂದ್ರತೆ ಎರಡೂವರೆ, ಸಫೈರಿನದು 4ರ ಹತ್ತಿರ. 15 ಸೆಂಟಿಮೀಟರ್ ಉದ್ದ, 7 ಅಗಲ, 0.7 ಮಿಲಿಮೀಟರ್ ದಪ್ಪದ ಹಾಳೆ ಗಾಜಿನದಾದರೆ 18 ಗ್ರಾಂ, ಸಫೈರಿನದಾದರೆ 29. ದಪ್ಪ ಎರಡು ಪಟ್ಟು ಮಾಡಿದರೆ ಜೇಬು ಜೋತು ಬೀಳುತ್ತೆ.

ಬೆಳಕಿನ ತಕರಾರೂ ಇದೆ. ಗಾಜಿನ ಎರಡು ಮೈ ಸೇರಿ ನೂರಕ್ಕೆ 8ರಷ್ಟು ಬೆಳಕನ್ನು ವಾಪಸು ಕಳಿಸುತ್ತೆ. ಸಫೈರ್ 15ರ ಹತ್ತಿರ. ಬಿಸಿಲಲ್ಲಿ ಕನ್ನಡಿ. ಹೊಳಪು ಕಡಿಮೆ ಮಾಡೋ ಲೇಪ ಬಳೀತಾರೆ ನಿಜ. ಆದರೆ ಹೊರಮೈಗೆ ಬಳಿದರೆ ಆ ಲೇಪಕ್ಕೇ ಗೀರು ಬೀಳುತ್ತೆ. ಒಳ್ಳೆ ಸಫೈರ್ ವಾಚಿನ ಮೇಲೆ ಗೀರು ಕಂಡು ಗಾಬರಿಯಾಗೋರು ಎಷ್ಟೋ ಸಲ ನೋಡ್ತಿರೋದು ಲೇಪದ ಗೀರನ್ನ.

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡವರು ಎಡವಿದ ಕತೆ ಒಂದಿದೆ. 2013ರ ನವೆಂಬರಿನಲ್ಲಿ ಆಪಲ್ ಕಂಪನಿ, ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ಅನ್ನೋ ಕಂಪನಿಗೆ 57.8 ಕೋಟಿ ಡಾಲರ್ ಮುಂಗಡ ಕೊಡೋದಾಗಿ ಒಪ್ಪಂದ ಮಾಡಿಕೊಂಡಿತು. ಅರಿಜೋನಾದ ಮೇಸಾ ಊರಲ್ಲಿ ಸಫೈರ್ ಬೆಳೆಸಬೇಕು. ಜಿಟಿ ಅಲ್ಲಿವರೆಗೆ ಹರಳು ಬೆಳೆಸೋ ಕುಲುಮೆ ಮಾರುತ್ತಿದ್ದ ಕಂಪನಿ. ಒಲೆ ಮಾರೋರಿಗೆ ಮದುವೆ ಅಡುಗೆಯ ಗುತ್ತಿಗೆ ಕೊಟ್ಟ ಹಾಗಾಯ್ತು. ಒಂದೊಂದು ಗುಂಡೂ 200 ಕಿಲೋಗಿಂತ ಜಾಸ್ತಿ ಇರಬೇಕು ಅಂತ ಗುರಿ. ವಾರಗಟ್ಟಲೆ ಬೆಳೆಸಿ ಹೊರಗೆ ತೆಗೆದರೆ ಎಷ್ಟೋ ಗುಂಡುಗಳಲ್ಲಿ ಬಿರುಕು. 2014ರ ಸೆಪ್ಟೆಂಬರಿನಲ್ಲಿ ಹೊಸ ಐಫೋನ್ ಬಂತು, ಗಾಜಿನ ಪರದೆಯ ಜೊತೆಗೇ. ಅಕ್ಟೋಬರ್ 6ಕ್ಕೆ ಜಿಟಿ ದಿವಾಳಿ ಅರ್ಜಿ ಹಾಕಿತು. ಷೇರು ಒಂದೇ ದಿನ ಶೇ 90ಕ್ಕೂ ಜಾಸ್ತಿ ಬಿತ್ತು.

ಸಫೈರ್ ಪರದೆಯ ಫೋನು ಯಾರೂ ಮಾಡಲೇ ಇಲ್ಲ ಅಂತಲ್ಲ. ಕ್ಯೋಸೆರಾ ಬ್ರಿಗೇಡಿಯರ್ ಅಂತ ಒಂದು ಬಂದಿತ್ತು, ಅದೇ 2014ರಲ್ಲಿ. ನಿಲ್ಲಲಿಲ್ಲ. ಫೋನಿನಲ್ಲಿ ಸಫೈರ್ ಉಳಿದದ್ದು ಉಗುರಿನಷ್ಟು ಜಾಗದಲ್ಲಿ, ಹಿಂದಿನ ಕ್ಯಾಮೆರಾದ ಮುಚ್ಚಳವಾಗಿ. ನಮ್ಮ ಕೋಲಾರದ ನರಸಾಪುರದಲ್ಲಿ ಜೋಡಿಸೋ ಐಫೋನುಗಳಲ್ಲೂ ಅದು ಇದೆ. ಚಿಕ್ಕ ಜಾಗ, ಸುತ್ತಲೂ ಲೋಹದ ಉಂಗುರ, ಗೀರು ಬೀಳಲೇಬಾರದ ಕೆಲಸ. ಅಂದರೆ ಅದೂ ಒಂದು ಪುಟ್ಟ ವಾಚೇ.

ಅದೇ ಆಪಲ್ ತನ್ನ ವಾಚನ್ನು 2015ರಲ್ಲಿ ತಂದಾಗ ಉಕ್ಕಿನದಕ್ಕೆ ಸಫೈರ್, ಹಗುರ ಅಲ್ಯುಮಿನಿಯಂನದಕ್ಕೆ ಉಪ್ಪಲ್ಲಿ ಮುಳುಗಿಸಿದ ಗಾಜು ಹಾಕಿತು. ಬೆಲೆ ಒಂದು ಕಾರಣ ಇರಬಹುದು. ಆದರೆ ಓಡೋರು, ಆಡೋರು ಕಟ್ಟಿಕೊಳ್ಳೋ ವಾಚಿಗೆ ಹಗುರವಾದ, ಏಟು ತಾಳುವ ಗಾಜೇ ಸರಿ ಅಂತ ನನಗೂ ಅನಿಸುತ್ತೆ. ಗಾರೆ ಕೆಲಸ, ಗ್ಯಾರೇಜ್ ಕೆಲಸ ಮಾಡೋರು ಸಫೈರಿಗೆ ದುಡ್ಡು ಸುರಿಯೋದು ಬೇಡ. ಆಫೀಸಿಗೆ ಹೋಗೋರು, ಒಂದೇ ವಾಚನ್ನು ಇಪ್ಪತ್ತು ವರ್ಷ ಕಟ್ಟೋರು ಧಾರಾಳವಾಗಿ ಕೊಳ್ಳಿ. ಬಾಗಿಲ ಚಿಲಕ ನೋಡಿಕೊಳ್ಳಿ.

ಬಿಲ್ಲೆಗಳು ವಾಪಸು ಬಂದ್ವಾ? ಎರಡೂ ಇದೆ, ಸದ್ಯ. ತುಟಿಗೆ ತಣ್ಣಗಿದ್ದದ್ದೇ ಸಫೈರ್. ಅದು ಬಿಸಿಯನ್ನು ಗಾಜಿಗಿಂತ ಮೂವತ್ತು ನಲವತ್ತು ಪಟ್ಟು ಜೋರಾಗಿ ಎಳೆದುಕೊಳ್ಳುತ್ತೆ.

(ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಬರೀತೀನಿ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಬಂದು ಕೈಯಿಂದ ಎಚ್‌ಎಂಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಗಾಜು ಗೀರು ಬಿದ್ದು ಹಾಲಿನ ಬಣ್ಣಕ್ಕೆ ತಿರುಗಿತ್ತು, ಮುಳ್ಳು ಮಸುಕು ಮಸುಕು. 'ಇದಕ್ಕೆ ನಿಮ್ಮ ಸಫೈರ್ ಹಾಕಿಸಬಹುದಾ?' ಅಂದರು. ಆ ವಾಚಿನ ಚೌಕಟ್ಟು ಉಬ್ಬಿದ ಪ್ಲಾಸ್ಟಿಕ್ ಗಾಜಿಗೆ ಅಂತಲೇ ಮಾಡಿದ್ದು. ಅದನ್ನು ಉಗುರಿನಂಥ ಚಿಮಟದಲ್ಲಿ ಅದುಮಿ ಚಿಕ್ಕದು ಮಾಡಿ ಕೂರಿಸ್ತಾರೆ, ಬಿಟ್ಟಾಗ ಹಿಗ್ಗಿ ಹಿಡಿದುಕೊಳ್ಳುತ್ತೆ. ಸಫೈರ್ ಅದುಮಿಸಿಕೊಳ್ಳೋದಿಲ್ಲ. ಕಾಲೇಜಿನ ಹಾಸ್ಟೆಲ್ಲಿನಿಂದ ಒಬ್ಬ ಹುಡುಗ ಟೂತ್‌ಪೇಸ್ಟ್ ತಂದುಕೊಟ್ಟ. ಬಟ್ಟೆಗೆ ನನ್ನ ಕರ್ಚೀಫೇ ಆಯ್ತು. ಕಾಫಿ ಬರೋ ಹೊತ್ತಿಗೆ ಡಯಲ್ ಮೇಲಿನ '17 ಜ್ಯುವೆಲ್ಸ್' ಓದೋಕೆ ಬರ್ತಿತ್ತು.)